ಆರನೆಯ ಸೀಟು

ಫೆಬ್ರವರಿ 4

ಅಪ್ಪನಿಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅಪ್ಪಿತಪ್ಪಿ ಎತ್ತಿದರೂ "ಆಯ್ತು ಆಯ್ತು, ಕೆಲಸ ಇದೆ" ಎಂದು ಇಟ್ಟುಬಿಡುತ್ತೀರಿ. ಏನಿದ್ದರೂ ಕಾಗದ ಬರೆಯಲಿ ಎಂದು ಹೋದ ತಿಂಗಳು ಗ್ಯಾರೇಜಿನ ಸ್ಪ್ಯಾನರ್ ಮಾಮನ ಕೈಲಿ ಹೇಳಿಸಿದಿರಿ. ಸರಿ, ಬರೆಯುತ್ತಿದ್ದೇನೆ. ಬರೆಯುವುದೇ ನನ್ನ ಕೆಲಸ ತಾನೇ? ಕಾರು ಕೊಂಡವರು ಒಂದು ದಿನವೂ ಬಿಡಿಸಿ ನೋಡದೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ತುರುಕಿಡುವ ಕೈಪಿಡಿಯನ್ನು ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಇದನ್ನು ನೀವಾದರೂ ಓದುತ್ತೀರಿ ಎಂದುಕೊಂಡಿದ್ದೇನೆ.

ವಿಷಯ ಇಷ್ಟು: ನಾವು ಕಾರು ಬದಲಾಯಿಸಬೇಕು. ಈಗಿನ ಚಿಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರ ನಡುವೆ ಅಮ್ಮ ಕೂತರೆ, ಇಳಿಯುವ ಹೊತ್ತಿಗೆ ಅವರವರ ಕೈಕಾಲು ಅವರವರಿಗೆ ಹುಡುಕಿಕೊಡಬೇಕಾಗುತ್ತದೆ. ನಮ್ಮ ಕಂಪನಿಯ ಹೊಸ ಹೈಬ್ರಿಡ್ ಎಸ್‌ಯುವಿ ಆಗಸ್ಟಿನಲ್ಲಿ ಹೊರಬರುತ್ತದೆ. ಅದರ ಕೈಪಿಡಿ ಬರೆಯುತ್ತಿರುವವಳೂ ನಾನೇ. ಮೂರು ಬಗೆ ಇವೆ. ಮೊದಲನೆಯದರಲ್ಲಿ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಸೇರಿ ಮುಂದಿನ ಎರಡು ಚಕ್ರಗಳನ್ನು ತಿರುಗಿಸುತ್ತವೆ. ನಿಧಾನವಾಗಿ ಹೋಗುವಾಗ ಮೋಟಾರ್ ಒಂದೇ ಸಾಕು. ವೇಗಕ್ಕೂ ಏರಿಗೂ ಎಂಜಿನ್ ಜೊತೆಗೂಡುತ್ತದೆ. ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ಒಂದಿಷ್ಟು ವಾಪಸು ಬರುತ್ತದೆ. ಎರಡನೆಯದರಲ್ಲಿ ಹಿಂದಿನ ಚಕ್ರಗಳಿಗೂ ಬೇರೊಂದು ಮೋಟಾರ್ ಇದೆ, ಹಾಗಾಗಿ ನಾಲ್ಕೂ ಚಕ್ರ ಎಳೆಯುತ್ತವೆ. ಮೂರನೆಯದು ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವಂಥದ್ದು. ಅರವತ್ತು ಕಿಲೋಮೀಟರ್ ಪೆಟ್ರೋಲ್ ಮುಟ್ಟದೆ ಹೋಗುತ್ತದೆ. ಆದರೆ ಅದರ ದೊಡ್ಡ ಬ್ಯಾಟರಿ ಹಿಂದಿನ ಜಾಗವನ್ನೆಲ್ಲ ನುಂಗುವುದರಿಂದ ಐದೇ ಸೀಟು. ಮೊದಲಿನ ಎರಡು ಐದು ಸೀಟಿನಲ್ಲೂ ಸಿಗುತ್ತವೆ, ಏಳರಲ್ಲೂ ಸಿಗುತ್ತವೆ.

ಯಾವುದು ತೆಗೆದುಕೊಳ್ಳಲಿ? ನಾನು, ನನ್ನವರು, ಮಕ್ಕಳಿಬ್ಬರು, ಆ ಮಕ್ಕಳನ್ನು ನೋಡಿಕೊಳ್ಳಲು ಬಂದು ಮೂರು ವರ್ಷದಿಂದ ಇಲ್ಲೇ ಉಳಿದಿರುವ ಅಮ್ಮ, ಒಟ್ಟು ಐದು ಜನ. ಐದು ಸೀಟು ಸಾಕೋ ಸಾಲದೋ ನೀವೇ ಹೇಳಬೇಕು. ಕಳೆದ ವರ್ಷ ಬಂದಿದ್ದಾಗ ಅಡುಗೆಮನೆಯಲ್ಲಿ ನಾನು ಕೇಳಿದ ಮಾತಿಗೆ ಉತ್ತರ ಕೊಡದೆ ನೀವು ಎದ್ದು ಹೋದಿರಿ. ಅದನ್ನು ಮತ್ತೆ ಕೆದಕುವುದಿಲ್ಲ. ಸೀಟಿನ ವಿಷಯವನ್ನಷ್ಟೇ ಕೇಳುತ್ತಿದ್ದೇನೆ.

ಇಂತಿ,
ನಿಮ್ಮ ಮಗಳು


ಫೆಬ್ರವರಿ 19

ಮಗಳೇ,

ಕಾಗದ ಬಂತು. ಮೂರು ಸಲ ಓದಿದೆ. ಕೈಪಿಡಿ ಬರೆಯುವವಳಾದರೂ ಅಕ್ಷರ ಮಾತ್ರ ಕೋಳಿಕಾಲೇ.

ನಾಲ್ಕು ಚಕ್ರ ಎಳೆಯುವುದು ಬೇಡ. ಮನೆಯಿಂದ ಶಾಲೆ, ಶಾಲೆಯಿಂದ ಆಫೀಸು, ಆಫೀಸಿನಿಂದ ಮನೆ. ಎಲ್ಲ ಡಾಂಬರು. ಅಂಥ ಗಾಡಿ ಇಟ್ಟುಕೊಂಡು ನೀನು ಯಾವ ಬೆಟ್ಟ ಹತ್ತಬೇಕಾಗಿದೆ? ಪ್ಲಗ್ಗಿನದೂ ಬೇಡ. ನೀವಿರುವುದು ಮೂರನೆಯ ಮಹಡಿ, ಗಾಡಿ ನಿಲ್ಲುವುದು ಬೀದಿಯಲ್ಲಿ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಕಿಟಕಿಯಿಂದ ವೈರ್ ಇಳಿಬಿಡುತ್ತೀಯಾ? ಹೋಗಿಬರುವವರೆಲ್ಲ ಎಡವಿ ಬಿದ್ದು ನಿನಗೆ ಹಿಡಿಶಾಪ ಹಾಕುತ್ತಾರೆ. ಮೊದಲನೆಯದೇ ಸಾಕು. ಒಳಗೆ ಸಾಮಾನು ಕಡಿಮೆಯಿದ್ದಷ್ಟೂ ಕೆಡುವುದು ಕಡಿಮೆ. ಮೂವತ್ತೈದು ವರ್ಷ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದವನು ಹೇಳುತ್ತಿದ್ದೇನೆ.

ಇನ್ನೊಂದು. ಬ್ಯಾಟರಿಗೆ ಗಾಳಿ ಹೋಗುವ ಜಾಲರಿ ಹಿಂದಿನ ಸೀಟಿನ ಕೆಳಗಿದೆಯೇ ನೋಡು. ಅಲ್ಲಿದ್ದರೆ ನಿನ್ನ ಮಕ್ಕಳು ಬಿಸ್ಕತ್ತಿನ ಪುಡಿ ಉದುರಿಸಿಯೇ ಅದನ್ನು ಮುಚ್ಚಿಬಿಡುತ್ತಾರೆ. ಅದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರಿ.

ಸೀಟು: ಐದು ಜನ ಇದ್ದೀರಿ, ಐದು ಸಾಕು. ಕರೆಯದ ನೆಂಟರಿಗಾಗಿ ಖಾಲಿ ಸೀಟು ಹೊತ್ತು ತಿರುಗುವುದು ಯಾಕೆ? ಆ ದಿನದ ಮಾತು ಈಗ ಬೇಡ.

ನಿಮ್ಮಮ್ಮನ ಮಂಡಿನೋವು ಹೇಗಿದೆ, ಬರಿ.

ಅಪ್ಪ


ಮಾರ್ಚ್ 2

ಸ್ಪ್ಯಾನರ್ ಮಾಮನಿಗೆ,

ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಕೈಯಲ್ಲಿ ಸ್ಪ್ಯಾನರ್ ಬಿಟ್ಟು ಬೇರೇನಾದರೂ ಹಿಡಿದ ನಿಮ್ಮನ್ನು ನಾನು ನೋಡಿಲ್ಲ, ಹಾಗಾಗಿ ಉತ್ತರ ಬರುತ್ತದೆಂಬ ಭರವಸೆಯೂ ಇಲ್ಲ. ಆದರೂ ಅಪ್ಪನ ಜೊತೆ ಆ ಗ್ಯಾರೇಜಿನಲ್ಲಿ ಮೂವತ್ತೈದು ವರ್ಷ ಪಾಲುದಾರರಾಗಿದ್ದವರು ನೀವು. ನಿಮ್ಮನ್ನಲ್ಲದೆ ಇನ್ನಾರನ್ನು ಕೇಳಲಿ?

ಅಪ್ಪನಿಗೆ ನನ್ನ ಮೇಲೆ ಕೋಪವೇ? ಕಳೆದ ವರ್ಷ ಇಲ್ಲಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಕೇಳಿದೆ: "ಅಪ್ಪಾ, ಗ್ಯಾರೇಜನ್ನ ಮಾಮನಿಗೆ ಬಿಟ್ಟು ನಮ್ಮ ಜೊತೆ ಬಂದಿರ್ತೀರಾ?" ಅಷ್ಟೇ. ನಾನು ತಿರುಗಿ ನೋಡಿದ ಕೂಡಲೇ ಅವರು ಕುರ್ಚಿ ಸರಿಸಿ ಎದ್ದರು. ಬೂಟು ಹಾಕಿಕೊಳ್ಳುತ್ತಾ "ಬಸ್ಸಿಗೆ ಹೊತ್ತಾಯ್ತು" ಅಂದರು. ಬಸ್ಸಿಗೆ ಇನ್ನೂ ನಾಲ್ಕು ಗಂಟೆ ಇತ್ತು, ಮಾಮ. ಈಗ ಕಾರಿನ ಸೀಟಿನ ನೆಪದಲ್ಲಿ ಕೇಳಿದರೆ ಕರೆಯದ ನೆಂಟರಿಗೆ ಸೀಟು ಯಾಕೆ ಎಂದು ಬರೆದಿದ್ದಾರೆ. ಕರೆದಿದ್ದೆನಲ್ಲ!

ಅಮ್ಮನನ್ನು ಕೇಳಿದರೆ "ನಲವತ್ತು ವರ್ಷದಿಂದ ನಾನು ಹೇಳಿದ್ದನ್ನೇ ಕಿವಿ ಮೇಲೆ ಹಾಕ್ಕೊಂಡೋರಲ್ಲ, ನಿಂದು ಹಾಕ್ಕೋತಾರಾ?" ಎನ್ನುತ್ತಾಳೆ. ನಾನು ಕೆಲಸ ಮಾಡುವ ಕಂಪನಿಯ ಗಾಡಿಗಳು ನಿಮ್ಮಂಥ ಗ್ಯಾರೇಜುಗಳಿಗೆ ಬರುವುದಿಲ್ಲ ಎಂಬುದು ಅವರ ಮನಸ್ಸಿನಲ್ಲಿದೆಯೋ ಏನೋ. ಹಾಗಿದ್ದರೆ ಅದನ್ನೇ ಹೇಳಲಿ. ಅವರು ಹೀಗೆ ಸುಮ್ಮನಿರುವುದನ್ನು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ. ನಾನು ಕೇಳಿದ ಪ್ರಶ್ನೆಯನ್ನು ಅವರ ಬಳಿ ಎತ್ತಬೇಡಿ. ಇನ್ನೊಮ್ಮೆ ಕೇಳಿ ಇನ್ನೊಮ್ಮೆ ಬೇಡ ಅನ್ನಿಸಿಕೊಳ್ಳಲು ನಾನು ತಯಾರಿಲ್ಲ.

ಇಂತಿ,
ನಿಮ್ಮ ಹಾರ್ನ್
(ಗ್ಯಾರೇಜಿನಲ್ಲಿ ತೊಟ್ಟಿಲು ಕಟ್ಟಿದ್ದಾಗ ನನ್ನ ಅಳು ಕೇಳಿ ಈ ಹೆಸರಿಟ್ಟವರು ನೀವೇ. ಮರೆತಿರಲಾರಿರಿ.)


ಮಾರ್ಚ್ 13

ಹಾರ್ನ್,

ಹಾಳೆ ಸಿಗಲಿಲ್ಲ. ಫಿಲ್ಟರ್ ಡಬ್ಬದ ರಟ್ಟು ಹರಿದು ಬರೆಯುತ್ತಿದ್ದೇನೆ, ಎಣ್ಣೆ ಕಲೆಗೆ ಬೈಯಬೇಡ.

ಕೋಪ ಗೀಪ ಏನಿಲ್ಲ. ಅವನಿಗೆ ಕೋಪ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ, ನಿನಗೇ ಗೊತ್ತಲ್ಲ. ಬೇರೆ ಒಂದು ವಿಷಯ ಇದೆ. ಅದನ್ನು ಹೇಳುವುದಿಲ್ಲವೆಂದು ಅವನಿಗೆ ಮಾತು ಕೊಟ್ಟಿದ್ದೇನೆ. ಮಾತು ಕೊಟ್ಟವನು ನಾನು, ನನ್ನ ಬಾಯಿ ಬಿಡಿಸಬೇಡ. ಭಯಪಡುವಂಥ ಕಾಯಿಲೆಯಲ್ಲ, ಅಷ್ಟು ಹೇಳಬಲ್ಲೆ. ನಿನ್ನ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ.

ಕಾರಿನ ವಿಷಯ ಬರೆಯುತ್ತಲೇ ಇರು. ನೀನು ಅವನಿಗೆ ಬರೆದ ಕಾಗದವನ್ನು ಗ್ರೀಸ್ ತಾಗದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿ ಅಂಗಿ ಜೇಬಿನಲ್ಲಿಟ್ಟುಕೊಂಡು ವಾರವಿಡೀ ಓಡಾಡಿದ. ಎಂಜಿನ್ ಜೊತೆ ಮೋಟಾರ್ ಹೇಗೆ ಕೂಡುತ್ತದೆ ಎಂದು ನನಗೆ ನೆಲದ ಮೇಲೆ ಚಾಕ್‌ಪೀಸಿನಿಂದ ಚಿತ್ರ ಬಿಡಿಸಿ ಪಾಠ ಮಾಡಿದ. ನನಗೆ ಅರ್ಥವಾಗಲಿಲ್ಲ, ಅವನಿಗೂ ಅರ್ಧವೇ ಆಗಿದೆ.

ನಿನ್ನ ಮಾಮ


ಏಪ್ರಿಲ್ 6

ಅಪ್ಪನಿಗೆ,

ಅಮ್ಮನ ಮಂಡಿನೋವು ಹಾಗೇ ಇದೆ. ಗಾಳಿಯ ಜಾಲರಿ ಹಿಂದಿನ ಸೀಟಿನ ಕೆಳಗೇ ಇದೆ. ನೀವು ಹೇಳಿದ ಹಾಗೆ ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಬಿಸ್ಕತ್ತಿನ ಬದಲು 'ಆಹಾರದ ಚೂರುಗಳು' ಎಂದು ಮಾಡಿಸಿದರು.

ಒಂದು ಕೆಲಸ ಆಗಬೇಕು. ಕೈಪಿಡಿಯ ಆರನೆಯ ಅಧ್ಯಾಯದ ಕರಡು ಇದರ ಜೊತೆಗಿದೆ: ಎಚ್ಚರಿಕೆಯ ಸದ್ದುಗಳು. ಬೆಲ್ಟ್ ಹಾಕದಿದ್ದರೆ ಬರುವುದು, ಹಿಂದಕ್ಕೆ ತೆಗೆದುಕೊಳ್ಳುವಾಗ ಗೋಡೆ ಹತ್ತಿರವಾದರೆ ಬರುವುದು, ಪಕ್ಕದ ಕನ್ನಡಿಗೆ ಕಾಣದ ಗಾಡಿ ಬಂದರೆ ಬರುವುದು, ಗೆರೆ ದಾಟಿದರೆ ಬರುವುದು, ಹೀಗೆ ಹನ್ನೊಂದು ಇವೆ. ಒಂದೊಂದೂ ಹೇಗೆ ಕೇಳುತ್ತದೆ, ಎಷ್ಟು ಸಲ ಕೇಳುತ್ತದೆ ಎಂದು ಬರೆದಿದ್ದೇನೆ. ಪ್ರದರ್ಶನದ ಗಾಡಿಯೊಂದು ನಿಮ್ಮೂರಿನ ಶೋರೂಮಿಗೂ ಬಂದಿದೆ. ನಾನು ಹೇಳಿಟ್ಟಿದ್ದೇನೆ. ಒಮ್ಮೆ ಓಡಿಸಿ, ನಾನು ಬರೆದದ್ದು ಸರಿಯಿದೆಯೇ ನೋಡಿ.

ನಮ್ಮಲ್ಲಿ ಸದ್ದು ಅಳೆಯುವ ಉಪಕರಣಗಳಿವೆ. ಆದರೆ ಗ್ಯಾರೇಜಿನ ಗೇಟಿನ ಬಳಿ ಕಣ್ಣು ಮುಚ್ಚಿ ನಿಂತು, ಬರುತ್ತಿರುವ ಲಾರಿ ಯಾರದು, ಅದರ ಯಾವ ಸಿಲಿಂಡರ್ ಸರಿಯಿಲ್ಲ ಎಂದು ನೀವು ಹೇಳುತ್ತಿದ್ದುದನ್ನು ನೋಡುತ್ತಾ ಬೆಳೆದವಳು ನಾನು. ಅದು ಒಂದು ಸಲವೂ ತಪ್ಪಿದ್ದು ನನಗೆ ನೆನಪಿಲ್ಲ. ಉಪಕರಣಕ್ಕಿಂತ ನಿಮ್ಮ ಕಿವಿಯನ್ನೇ ನಂಬುತ್ತೇನೆ.

ಇಂತಿ,
ನಿಮ್ಮ ಮಗಳು


ಏಪ್ರಿಲ್ 21

ಮಗಳೇ,

ಗಾಡಿ ಓಡಿಸಿದೆ. ಸುಖವಾಗಿದೆ. ಸ್ಟಿಯರಿಂಗ್ ಹಗುರ. ಬ್ರೇಕ್ ಮೊದಲು ಮೆತ್ತಗೆ, ಆಮೇಲೆ ಗಟ್ಟಿ; ಅಭ್ಯಾಸ ಆಗಬೇಕು. ಹಿಂದಿನ ಮೂರನೆಯ ಸಾಲಿನಲ್ಲೂ ಕೂತು ನೋಡಿದೆ. ಮಂಡಿ ಗದ್ದಕ್ಕೆ ಬರುತ್ತದೆ, ಮಕ್ಕಳಿಗೆ ಅಡ್ಡಿಯಿಲ್ಲ. ಸುಮ್ಮನೆ ಕೂತು ನೋಡಿದೆ ಅಷ್ಟೇ. ನೀವು ಐದೇ ತೆಗೆದುಕೊಳ್ಳಿ.

ನೀರಿನ ಟ್ಯಾಂಕಿನ ಬಳಿಯ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಎಂಜಿನ್ ಶುರುವಾದದ್ದೇ ಗೊತ್ತಾಗಲಿಲ್ಲ! ಇಷ್ಟು ಮೌನವಾಗಿ ಏರು ಹತ್ತುವ ಗಾಡಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ನಿಮ್ಮ ಎಂಜಿನಿಯರುಗಳಿಗೆ ನನ್ನ ನಮಸ್ಕಾರ ಹೇಳು. ಪಕ್ಕದಲ್ಲಿ ಕೂತಿದ್ದ ಶೋರೂಮಿನ ಹೆಂಗಸು ದಾರಿಯುದ್ದಕ್ಕೂ ಬಾಯಿ ಮುಚ್ಚಲಿಲ್ಲ, ಕೈ ಬೇರೆ ಆಡಿಸುತ್ತಿದ್ದರು. ನಾನು ತಲೆಯಾಡಿಸುತ್ತಾ ಹೋದೆ.

ಈಗ ನಿನ್ನ ಅಧ್ಯಾಯ. ಬೇಸರ ಮಾಡಿಕೊಳ್ಳಬೇಡ, ಅದು ಪೂರ್ತಿ ತಪ್ಪು. ಬೇಕೆಂದೇ ಬೆಲ್ಟ್ ತೆಗೆದು ಓಡಿಸಿದೆ, ಸದ್ದಿಲ್ಲ. ಗೋಡೆಗೆ ಒಂದು ಗೇಣು ಉಳಿಯುವವರೆಗೂ ಹಿಂದಕ್ಕೆ ತೆಗೆದೆ, ಸದ್ದಿಲ್ಲ. ಗೆರೆ ದಾಟಿದೆ, ಬಾಗಿಲು ಅರ್ಧ ತೆರೆದಿಟ್ಟೆ, ಏನೂ ಇಲ್ಲ. ಹನ್ನೊಂದರಲ್ಲಿ ಒಂದೂ ಬರಲಿಲ್ಲ. ಗಾಡಿಯನ್ನು ನೋಡದೆ ಆಫೀಸಿನಲ್ಲಿ ಕೂತು ಬರೆದರೆ ಹೀಗೇ ಆಗುವುದು. ಹನ್ನೊಂದಕ್ಕೂ ಕೆಂಪು ಗೆರೆ ಎಳೆದು ಕಳಿಸಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಸರಿಮಾಡು, ಇಲ್ಲದಿದ್ದರೆ ನಿನ್ನ ಹೆಸರು ಕೆಡುತ್ತದೆ.

ಅಪ್ಪ


ಮೇ 9

ಅಪ್ಪನಿಗೆ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿಮ್ಮ ಕಾಗದ ಬಂದ ದಿನವೇ ಅಚ್ಚಿಗೆ ಹೋಗಿದ್ದ ಕೈಪಿಡಿಯನ್ನು ನಿಲ್ಲಿಸಿದೆ. ಮರುದಿನ ಮೀಟಿಂಗ್ ಕರೆದರು. ವಿದ್ಯುತ್ ವಿಭಾಗದ ಎಂಜಿನಿಯರ್ "ಸಾಧ್ಯವೇ ಇಲ್ಲ ಮೇಡಂ, ನಾವೇ ಕೂತು ಕೇಳಿದೀವಿ" ಅಂದರು. ನಾನು ನಿಮ್ಮ ಕೆಂಪು ಗೆರೆಗಳನ್ನು ಮೇಜಿನ ಮೇಲಿಟ್ಟು "ನಮ್ಮಪ್ಪನ ಕಿವಿ ತಪ್ಪೋದಿಲ್ಲ. ತಪ್ಪಿರೋದು ಗಾಡಿ" ಅಂದೆ. ಮ್ಯಾನೇಜರ್ ನನ್ನ ಮುಖ ನೋಡಿ, ನಿಮ್ಮೂರಿನ ಆ ಗಾಡಿಯನ್ನೇ ತರಿಸೋಣ ಎಂದರು. ತರಿಸಿದರು.

ನಾಲ್ಕು ಜನ ಕೂತೆವು, ನಾನೇ ಓಡಿಸಿದೆ. ಬೆಲ್ಟ್ ತೆಗೆದ ಕೂಡಲೇ ಸದ್ದು ಶುರುವಾಯಿತು. ಗೋಡೆಯ ಬಳಿ ಅದು ಎಷ್ಟು ಜೋರಾಗಿ ಬಂತೆಂದರೆ ಹಿಂದೆ ಕೂತವರು ಕಿವಿ ಮುಚ್ಚಿಕೊಂಡರು. ಹನ್ನೊಂದೂ ಬಂದವು, ನಾನು ಬರೆದ ಹಾಗೆಯೇ. ಕೊನೆಗೆ ಫ್ಯಾಕ್ಟರಿಯ ಹಿಂದಿನ ಏರು ಹತ್ತಿಸಿದೆ. ಈ ಗಾಡಿಯ ಬಗ್ಗೆ ಓಡಿಸಿದವರೆಲ್ಲ ಹೇಳಿರುವ ದೂರು ಒಂದೇ: ಏರಿನಲ್ಲಿ ಎಂಜಿನ್ ಅರಚುತ್ತದೆ. ಅದು ಅರಚಿತು. ಪಕ್ಕದವರ ಜೊತೆ ಮಾತಾಡಲೂ ಆಗಲಿಲ್ಲ.

ಎಂಜಿನಿಯರ್ ನಕ್ಕರು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಎಲ್ಲರೂ ಇಳಿದು ಹೋದ ಮೇಲೆ ನಾನು ಸೀಟಿನಲ್ಲೇ ಕೂತಿದ್ದೆ. ನೀವು ಎತ್ತದ ಫೋನು, "ಆಯ್ತು ಆಯ್ತು" ಎನ್ನುವುದು, ಕಾಗದ ಬರೆ ಎಂದದ್ದು, ಶೋರೂಮಿನ ಹೆಂಗಸಿಗೆ ತಲೆಯಾಡಿಸಿದ್ದು, ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ನನ್ನ ಮೇಲೆ ನನಗೇ ಸಿಟ್ಟು ಬಂತು. ಸದ್ದಿನ ಬಗ್ಗೆ ಇಪ್ಪತ್ತು ಪುಟ ಬರೆದವಳಿಗೆ ಇದು ಹೊಳೆಯಲಿಲ್ಲ.

ಅಪ್ಪಾ, ಎಷ್ಟು ದಿನದಿಂದ?

ಅಮ್ಮನಿಗೆ ಹೇಳಿಲ್ಲ.

ನಿಮ್ಮ ಮಗಳು


ಜೂನ್ 1

ಹಾರ್ನ್,

ನಿನ್ನ ಕಾಗದ ಓದಿ ನಿಮ್ಮಪ್ಪ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು, ನಾನೇ ನಿನಗೆ ಚಾಡಿ ಹೇಳಿದೆನೆಂದು ಗಿರಾಕಿಗಳ ಮುಂದೆಯೇ ನನ್ನ ಜನ್ಮ ಜಾಲಾಡಿದ. ನಾನು ರಟ್ಟಿನ ಮೇಲೆ "ನಾನು ಹೇಳಿಲ್ಲ, ನಿನ್ನ ಕೆಂಪು ಗೆರೆ ಹೇಳಿತು" ಎಂದು ಬರೆದು ತೋರಿಸಿದೆ. ಎರಡು ಸಲ ಓದಿ ರಟ್ಟನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ತಾನಾಗಿಯೇ ಡಾಕ್ಟರ ಹತ್ತಿರ ಹೋಗೋಣ ಅಂದ. ಎರಡು ವರ್ಷದಿಂದ ಗೋಗರೆದರೂ ಜಗ್ಗದವನು. ಹೋಗಿ ಬಂದೆವು. ಉಳಿದದ್ದನ್ನು ಅವನೇ ಬರೆಯುತ್ತಾನೆ.

ಮಾಮ


ಜೂನ್ 14

ಮಗಳೇ,

ಬರೆಯಲು ಇಷ್ಟು ದಿನ ಹಿಡಿಯಿತು. ನಾಚಿಕೆ.

ಶುರುವಾಗಿ ಎರಡೂವರೆ ವರ್ಷವಾಯಿತು. ಮೊದಲು ಹೋದದ್ದು ಮನುಷ್ಯರ ಮಾತು. ಸದ್ದು ಬರುತ್ತದೆ, ಮಾತು ಬರುವುದಿಲ್ಲ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ. ಫೋನಿನಲ್ಲಂತೂ ಏನೂ ತಿಳಿಯದು. ಎದುರಿಗೆ ಮುಖ ಕಂಡರೆ ಅರ್ಧ ಊಹಿಸುತ್ತೇನೆ, ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ. ನಿಮ್ಮಮ್ಮ ಇಲ್ಲಿದ್ದಿದ್ದರೆ ವಾರದಲ್ಲಿ ಹಿಡಿದುಬಿಡುತ್ತಿದ್ದಳು. ಅವಳು ಅಲ್ಲಿದ್ದದ್ದೇ ಒಳ್ಳೆಯದಾಯಿತೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಅವಳಿಲ್ಲದೆ ಮನೆ ಬಿಕೋ ಎನ್ನುತ್ತದೆ ಎಂಬುದೂ ನಿಜವೇ.

ಡೀಸೆಲ್ ಎಂಜಿನ್ ಮಾತ್ರ ಕೇಳುತ್ತಿತ್ತು. ಈಗ ಯೋಚಿಸಿದರೆ ಕಿವಿಗೆ ಕೇಳುತ್ತಿತ್ತೋ, ಬಾನೆಟ್ ಮೇಲಿಟ್ಟ ಕೈಗೆ ತಿಳಿಯುತ್ತಿತ್ತೋ ಗೊತ್ತಿಲ್ಲ. ಅದು ಮೈಯೆಲ್ಲ ನಡುಗಿಸುವ ಯಂತ್ರ. ಜನರ ಮಾತು ಹೋದರೆ ಹೋಗಲಿ, ಯಂತ್ರ ನನಗೆ ಕೈಕೊಟ್ಟಿಲ್ಲ ಎಂದುಕೊಂಡಿದ್ದೆ. ಅದಕ್ಕೇ ಅಷ್ಟು ಜಂಬದಿಂದ ನಿನ್ನ ಹಾಳೆಯ ಮೇಲೆ ಗೆರೆ ಎಳೆದೆ. ಅದೂ ಹೋಗಿದೆಯೆಂದು ತಿಳಿದ ದಿನ ಗ್ಯಾರೇಜಿನ ಕಡೆ ಹೋಗಲು ಕಾಲು ಬರಲಿಲ್ಲ. ನಿನ್ನ ಅಚ್ಚು ನಿಲ್ಲಿಸಿ ಆಫೀಸಿನಲ್ಲಿ ತಲೆ ತಗ್ಗಿಸುವ ಹಾಗೆ ಮಾಡಿದೆ. ಅದಕ್ಕೆ ಏನು ಹೇಳಬೇಕೋ ತಿಳಿಯದು.

ಡಾಕ್ಟರು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಸ್ವಲ್ಪ ಉಳಿದಿದೆ ಅಂದರು. ಅದಕ್ಕೆ ಯಂತ್ರ ಹಾಕುತ್ತಾರಂತೆ.

ಇನ್ನೊಂದು. ಕಳೆದ ವರ್ಷ ನಿನ್ನ ಅಡುಗೆಮನೆಯಲ್ಲಿ ನೀನು ಏನೋ ಕೇಳಿದೆ. ನಿನ್ನ ಬೆನ್ನು ನನ್ನ ಕಡೆಗಿತ್ತು. ನೀನು ತಿರುಗಿದಾಗ ಮುಖ ನೋಡಿದರೆ ಏನೋ ದೊಡ್ಡದನ್ನೇ ಕೇಳಿದ್ದೀ ಅನ್ನಿಸಿತು. ಮತ್ತೆ ಕೇಳು ಅಂದರೆ ಗುಟ್ಟು ರಟ್ಟಾಗುತ್ತದೆ, ಉತ್ತರ ಹೇಳೋಣವೆಂದರೆ ಪ್ರಶ್ನೆ ಗೊತ್ತಿಲ್ಲ. ಹೆದರಿ ಬೂಟು ಹಾಕಿಕೊಂಡೆ. ಬಸ್ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂತಿದ್ದೆ. ಅಂದಿನಿಂದ ಒಂದು ವರ್ಷ ಅದೇ ಯೋಚನೆ. ನಿನ್ನ ಕಾಗದದಲ್ಲಿ ಆ ಮಾತು ಬಂದಾಗಲೂ ಗೊತ್ತಿರುವವನ ಹಾಗೆ ನಟಿಸಿದೆ.

ಏನು ಕೇಳಿದ್ದೆ?

ಅಪ್ಪ


ಜೂನ್ 20

ಅಪ್ಪಾ,

ಅಮ್ಮನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಮೊದಲು ನಿಮಗೆ ಬೈದಳು. ಆಮೇಲೆ ತರಕಾರಿ ಹೆಚ್ಚುತ್ತಿದ್ದ ಚಾಕು ಕೆಳಗಿಟ್ಟು "ಮೂರು ವರ್ಷ ನಾನಿಲ್ಲಿ ಏನ್ ಮಾಡ್ತಿದ್ದೆ?" ಎಂದು ಅತ್ತಳು.

ಅಂದು ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿ ಜೋರಾಗಿ ಬಿಟ್ಟಿತ್ತು. ಅದು ಆಕಸ್ಮಿಕವಲ್ಲ. ನಿಮ್ಮ ಮುಖ ನೋಡಿ ಕೇಳಲು ನನಗೆ ಧೈರ್ಯವಿರಲಿಲ್ಲ. ನೀವು ಇಲ್ಲ ಎಂದರೆ ಆಗ ನನ್ನ ಮುಖ ನಿಮಗೆ ಕಾಣಬಾರದೆಂದು ಬೆನ್ನು ಹಾಕಿಕೊಂಡು ಕೇಳಿದೆ. ಹಾಗಾಗಿ ತಪ್ಪಿನಲ್ಲಿ ಅರ್ಧ ನನ್ನದು.

ಕೇಳಿದ್ದು ಇದು: ಗ್ಯಾರೇಜನ್ನು ಮಾಮನಿಗೆ ಬಿಟ್ಟು ನಮ್ಮ ಜೊತೆ ಬಂದಿರುತ್ತೀರಾ?

ಈಗ ಎದುರಿಗೇ ಕೇಳುತ್ತಿದ್ದೇನೆ. ಮೊದಲನೆಯ ಬಗೆಯ ಗಾಡಿಯನ್ನೇ ಬುಕ್ ಮಾಡಿದ್ದೇನೆ. ಐದು ಸೀಟೋ ಏಳೋ ಎಂದು ತಿಂಗಳ ಕೊನೆಯೊಳಗೆ ಹೇಳಬೇಕು. ನೀವು ಬರುವುದಿಲ್ಲವೆಂದರೆ ಐದು. ಕಾರಣ ಬರೆಯಬೇಕಾಗಿಲ್ಲ, ಅಂಕಿ ಬರೆದರೆ ಸಾಕು.

ನಿಮ್ಮ ಹಾರ್ನ್


ಜೂನ್ 27

ಹಾರ್ನ್,

ಏಳು.

ಕಾರಣ ಬೇಡ ಅಂದೆ, ಆದರೂ ಬರೆಯುತ್ತೇನೆ. ನಾನು ಬರುತ್ತೇನೆ. ಆಗಸ್ಟಿನಲ್ಲಿ ಬರುತ್ತೇನೆ. ಅಷ್ಟರೊಳಗೆ ಕೈಯಲ್ಲಿರುವ ಎರಡು ಲಾರಿಯ ಕೆಲಸ ಮುಗಿಸಿ ಗ್ಯಾರೇಜಿನ ಬೀಗದ ಕೈ ಸ್ಪ್ಯಾನರನಿಗೆ ಕೊಡುತ್ತೇನೆ. ಈಗಲೇ ಕೊಡು ಎಂದು ಅವನು ರಟ್ಟಿನ ಮೇಲೆ ಬರೆದು ತೋರಿಸುತ್ತಿದ್ದಾನೆ.

ಒಂದು ವರ್ಷ ಹಿಂದೆಯೇ ಕರೆದಿದ್ದೆಯಲ್ಲ ಮಗಳೇ. ಒಬ್ಬರೂ ಬಾ ಅನ್ನಲಿಲ್ಲವೆಂದು ಆ ವರ್ಷವಿಡೀ ಇಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

ನಿನ್ನೆ ಬಲಗಿವಿಗೆ ಯಂತ್ರ ಹಾಕಿದರು. ಚಮಚ ಬಿದ್ದರೂ ಬೆಚ್ಚಿಬೀಳುತ್ತೇನೆ. ಶೋರೂಮಿಗೆ ಹೋಗಿ ಆ ಹೆಂಗಸಿಗೆ ಕ್ಷಮೆ ಕೇಳಿ, ಅವರು ವಾಪಸು ತರಿಸಿದ್ದ ಆ ಗಾಡಿಯಲ್ಲಿ, ನಿಂತಲ್ಲೇ, ಬೆಲ್ಟ್ ಹಾಕದೆ ಕೂತೆ. ನೀನು ಬರೆದ ಮೊದಲನೆಯ ಸದ್ದು ಕೇಳಿಸಿತು. ಮೂರು ಚಿಕ್ಕದು, ಒಂದು ದೊಡ್ಡದು. ಸರಿಯಾಗಿಯೇ ಬರೆದಿದ್ದೀ. ಉಳಿದ ಹತ್ತಕ್ಕೆ ಅಲ್ಲಿಗೆ ಬಂದ ಮೇಲೆ ಟಿಕ್ ಹಾಕುತ್ತೇನೆ. ನಾನು ಇನ್ನು ಗಾಡಿ ಓಡಿಸುವುದಿಲ್ಲ. ಅದನ್ನು ನನಗೆ ಯಾರೂ ಹೇಳಬೇಕಾಗಿಲ್ಲ.

ಮೂರನೆಯ ಸಾಲು ಮಕ್ಕಳಿಗೆ ಬಿಡು. ನಾನು ನಡುವಿನ ಸಾಲಿನಲ್ಲಿ ಎಡಗಡೆ ಕಿಟಕಿಯ ಪಕ್ಕ ಕೂರುತ್ತೇನೆ. ನಿಮ್ಮಮ್ಮ ನನ್ನ ಬಲಕ್ಕೆ ಕೂರಲಿ. ನಾನು ಕಿವಿಗೆ ಹಾಕಿಕೊಳ್ಳದ ನಲವತ್ತು ವರ್ಷದ ಮಾತು ಬಾಕಿಯಿದೆಯಲ್ಲ, ಹೇಳಲಿ.

ಓಡಿಸುವವಳು ನೀನು. ನನ್ನನ್ನು ಏನಾದರೂ ಕೇಳಬೇಕಾದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಹಿಂದಕ್ಕೆ ತಿರುಗಿ ಕೇಳು. ಕೇಳಿಸದಿದ್ದರೆ ಕೇಳಿಸಲಿಲ್ಲ ಎನ್ನುತ್ತೇನೆ. ನೀನು ಇನ್ನೊಂದು ಸಲ ಕೇಳಬೇಕು.

ಅಪ್ಪ